ಯಂತ್ರ-ತಂತ್ರ: ಕಪ್ಪು ಗೆರೆಯನ್ನು ನಂಬಿದ ಹುಡುಗ



ನಮ್ಮ ಬಳಗದಲ್ಲಿ ಬಾಲಾನಗರದ ಅನ್ನ ಉಂಡವರು ಕಡಿಮೆಯೇನಿಲ್ಲ. ಎಚ್.ಎ.ಎಲ್.ನಿಂದ ನಿವೃತ್ತರಾದವರಿದ್ದಾರೆ. ಐ.ಡಿ.ಪಿ.ಎಲ್.ನಲ್ಲಿ ದುಡಿದವರಿದ್ದಾರೆ (ಅಲ್ಲಿ ಔಷಧ ತಯಾರಿ ನಿಂತು ವರ್ಷಗಳಾದವು, ಬಸ್ಸಿನವರ ಬಾಯಲ್ಲಿ ಹೆಸರು ಮಾತ್ರ ನಿಂತಿಲ್ಲ). ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನಿಂದ ಕೇಂದ್ರ ಸರ್ಕಾರ 1968ರಲ್ಲಿ ಇಲ್ಲಿ ಸ್ಥಾಪಿಸಿದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಎಂಬ ಸಂಸ್ಥೆಯ ಹೆಸರು ಕೇಳದ ಟೂಲ್ ಮೇಕರ್ ಹೈದರಾಬಾದಿನಲ್ಲಿ ಸಿಗುವುದು ಕಷ್ಟ. ಈ ದೊಡ್ಡ ಹೆಸರುಗಳ ನಡುವಿನ ಗಲ್ಲಿಗಳಲ್ಲಿ ಲೇಥು, ಮಿಲ್ಲಿಂಗ್ ಯಂತ್ರ ಇಟ್ಟುಕೊಂಡ ಚಿಕ್ಕ ಚಿಕ್ಕ ಶೆಡ್ಡುಗಳಿವೆ. ಈ ಸಲದ ಮಾತು ಅಂಥದೊಂದು ಶೆಡ್ಡಿನದು.

ಕಲಬುರಗಿ ಕಡೆಯ ಹುಡುಗ. ಕೆಲಸಕ್ಕೆ ಸೇರಿ ಆರು ತಿಂಗಳು. ಒಂದು ಭಾನುವಾರ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಮುಖ ಬಾಡಿತ್ತು.

"ಕಾಕಾ, ಒಂದೂ ಎರರ್ ಬಂದಿಲ್ರಿ. ಗೆರೀ ಎಲ್ಲಾ ಕರ್ರಗ ಆಗ್ಯಾವ. ಮತ್ತ ತೂತು ಹೆಂಗ ತಪ್ಪಿದ್ವು?"

ನಡೆದದ್ದು ಇಷ್ಟು. 120 ಮಿ.ಮೀ. ಉದ್ದ, 80 ಮಿ.ಮೀ. ಅಗಲದ ಒಂದು ಉಕ್ಕಿನ ಪ್ಲೇಟು. ನಾಲ್ಕು ಮೂಲೆಗೆ ನಾಲ್ಕು ತೂತು, ಪ್ರತಿಯೊಂದೂ ಅಂಚಿನಿಂದ 15 ಮಿ.ಮೀ. ಒಳಗೆ. ಗಿರಾಕಿ ಈ ಸಲ 180 ಮಿ.ಮೀ. ಉದ್ದ ಬೇಕೆಂದ. ಹುಡುಗ ಹಳೆಯ ಮಾಡೆಲ್ ತೆರೆದು 120ನ್ನು ಅಳಿಸಿ 180 ಎಂದು ಬರೆದ. ಪ್ಲೇಟು ಉದ್ದವಾಯಿತು, ಡ್ರಾಯಿಂಗು ಕೆಳಗೆ ಹೋಯಿತು. ಹನ್ನೆರಡು ಪ್ಲೇಟಿಗೆ ತೂತು ಬಿದ್ದ ಮೇಲೆ ಜೋಡಿಸಿ ನೋಡಿದರೆ ಬಲಗಡೆಯ ಎರಡು ತೂತು ಎಡ ಅಂಚಿನಿಂದ 165ರಲ್ಲಿ ಇರಬೇಕಾದವು 105ರಲ್ಲೇ ಕೂತಿದ್ದವು. ಹನ್ನೆರಡು ಪ್ಲೇಟಿನ ದುಡ್ಡನ್ನೂ ಸಂಬಳದಲ್ಲಿ ಹಿಡಿಯುತ್ತೇನೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಈ ಬಗೆಯ ಸಾಫ್ಟ್‌ವೇರಿನಲ್ಲಿ ಬರಿಯ ಗೆರೆ ಎಳೆಯುವುದಿಲ್ಲ, ಗೆರೆಗಳಿಗೆ ಕಟ್ಟುಪಾಡು ಹಾಕುತ್ತೇವೆ. ಕನ್‌ಸ್ಟ್ರೇಂಟ್ ಎನ್ನುವುದು ಅದಕ್ಕೇ. ಲೆಕ್ಕ ಸುಲಭ, ಕೈಬೆರಳಲ್ಲೇ ಎಣಿಸಬಹುದು. ಒಂದು ಗೆರೆಗೆ ಎರಡು ತುದಿ, ತುದಿಗೆ ಎರಡೆರಡು ಸಂಖ್ಯೆ. ಆಯತದ ನಾಲ್ಕು ಗೆರೆಗೆ 16. ತುದಿಗಳನ್ನು ಸೇರಿಸಿ ನಾಲ್ಕು ಮೂಲೆ ಮಾಡಿದರೆ 8 ಹೋದವು. ಎರಡು ಗೆರೆ ಮಲಗಿರಲಿ, ಎರಡು ನಿಂತಿರಲಿ ಎಂದರೆ ಇನ್ನೂ 4. ಒಂದು ಮೂಲೆಯನ್ನು ಮೂಲಬಿಂದುವಿಗೆ ಕಟ್ಟಿದರೆ 2. ಉಳಿದ ಎರಡನ್ನು ಉದ್ದ, ಅಗಲದ ಅಳತೆಗಳು ನುಂಗುತ್ತವೆ. ಸೊನ್ನೆಗೆ ಬಂದಾಗ ಗೆರೆಗಳಿಗೆ ಅಲುಗಾಡಲು ಜಾಗವಿಲ್ಲ. ಹುಡುಗನ ಸಾಫ್ಟ್‌ವೇರಿನಲ್ಲಿ ನೀಲಿ ಗೆರೆ ಕಪ್ಪಾಗುತ್ತದೆ. (ಬಣ್ಣ ಎಲ್ಲ ಕಡೆಯೂ ಒಂದೇ ಅಲ್ಲ. ಪುಕ್ಕಟೆ ಸಿಗುವ ಫ್ರೀಕ್ಯಾಡ್‌ನಲ್ಲಿ ಹಸಿರಾಗುತ್ತದೆ.)

ಕಪ್ಪಾದರೆ ಎಲ್ಲ ಸರಿ ಎಂದು ಹುಡುಗ ನಂಬಿದ್ದ. ಕಪ್ಪು ಹೇಳುವುದು ಒಂದೇ ಮಾತು: ಸಡಿಲವಾದದ್ದು ಏನೂ ಇಲ್ಲ. ಸರಿಯಾದ ಗೂಟಕ್ಕೆ ಕಟ್ಟಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಳೆಯ ಸ್ಕೆಚ್ಚಿನಲ್ಲಿ ಎಡ ತೂತಿಗೆ ಎಡ ಅಂಚಿನಿಂದ 15 ಎಂದಿತ್ತು. ಬಲ ತೂತಿಗೆ? ಎಡ ತೂತಿನಿಂದ 90. ಪ್ಲೇಟು 120 ಇರುವ ತನಕ ಬಲ ಅಂಚಿಗೂ ತಾನಾಗಿ 15 ಉಳಿಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. 180 ಆದಾಗ 90 ಮಾತ್ರ 90 ಆಗಿಯೇ ಉಳಿಯಿತು. ದರ್ಜಿ ಅಂಗಿಯನ್ನು ದೊಡ್ಡದಾಗಿ ಹೊಲಿಯುವಾಗ ತೋಳು ಉದ್ದ ಮಾಡುತ್ತಾನೆ, ಕಾಜವನ್ನು ದೊಡ್ಡದು ಮಾಡುವುದಿಲ್ಲ. ಯಾವುದು ಬೆಳೆಯಬೇಕು, ಯಾವುದು ಬೆಳೆಯಬಾರದು ಎಂಬುದು ಅವನ ತಲೆಯಲ್ಲಿದೆ. ಕಂಪ್ಯೂಟರಿಗೆ ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ತಪ್ಪು ತಿಳಿದ ಮೇಲೆ ಹುಡುಗ ಮಾಡಿದ್ದು ಇನ್ನೂ ಸ್ವಾರಸ್ಯವಾಗಿದೆ. ಬಲ ಅಂಚಿನಿಂದಲೂ 15 ಎಂದು ಬರೆದ. ಸ್ಕೆಚ್ಚೆಲ್ಲ ಕೆಂಪು! 15, 90, 15 ಕೂಡಿದರೆ 120. ಅದು 180 ಆಗಬೇಕೆಂದರೆ ಹೇಗೆ? ಯಾವುದಾದರೂ ಒಂದು ಕಟ್ಟು ತೆಗೆಯಿರಿ ಎಂದು ಸಾಫ್ಟ್‌ವೇರು ಪಟ್ಟಿ ಕೊಟ್ಟಿತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದ. ಅದು ಬಲ ಅಂಚು ನೆಟ್ಟಗೆ ನಿಂತಿರಲಿ ಎಂಬ ಕಟ್ಟು. ಕೆಂಪು ಮಾಯವಾಯಿತು, ಅಂಚು ಎಡಕ್ಕೆ ವಾಲಿ ಪ್ಲೇಟು ಓರೆಯಾಯಿತು. ನಾನು ನಕ್ಕೆ, ಅವನಿಗೆ ನಗು ಬರಲಿಲ್ಲ.

ಮೊದಲು ಮಾಡಿದ್ದನ್ನೆಲ್ಲ ಹಿಂದಕ್ಕೆ ಪಡೆದೆವು. ಕೆಂಪು ಬಂದಾಗ ಅಳಿಸುವ ಮುನ್ನ ಪಟ್ಟಿಯಲ್ಲಿರುವ ಒಂದೊಂದನ್ನೂ ಕೇಳಬೇಕು: ಇದು ಗಿರಾಕಿ ಕೇಳಿದ ಅಳತೆಯೋ, ಬೇರೆ ಅಳತೆಗಳಿಂದ ತಾನಾಗಿ ಬಂದದ್ದೋ? ಇಲ್ಲಿ ಅಂಚಿನ 15 ಗಿರಾಕಿಯದು, 90 ತಾನಾಗಿ ಬಂದದ್ದು. ಆದ್ದರಿಂದ ಅಂಚಿನ 15ನ್ನು ಉಳಿಸಿ 90ನ್ನು ಬರಿಯ ನೋಡುವ ಅಳತೆಯನ್ನಾಗಿ ಮಾಡಿದೆವು; ಅದು 150 ಎಂದು ತಾನೇ ಬದಲಾಯಿತು. ಅಗಲದ ಕಡೆಯ 50ಕ್ಕೂ ಅದೇ ಚಿಕಿತ್ಸೆ. ನಡುಗೆರೆ ಎಳೆದು ಎರಡೂ ಕಡೆ ಸಮ ಎಂದು ಕಟ್ಟಿದರೂ ಆದೀತು.

ಆಮೇಲೆ ನಾನು ಹಟ ಹಿಡಿದು ಮಾಡಿಸಿದ್ದು ಇದು. ಉದ್ದವನ್ನು 130 ಮಾಡು, 150 ಮಾಡು, 200 ಮಾಡು, ಮತ್ತೆ 120ಕ್ಕೆ ತಾ. ಪ್ರತಿ ಸಲವೂ ನಾಲ್ಕು ತೂತಿನ ಅಂಚನ್ನು ಅಳೆ. ಒಮ್ಮೆಲೇ ದೊಡ್ಡ ಜಿಗಿತ ಬೇಡ. ಎಷ್ಟೋ ಸ್ಕೆಚ್ಚುಗಳು ಒಂದೇ ನೆಗೆತಕ್ಕೆ ಒಳಮೈ ಹೊರಗಾಗಿ ಮಗುಚಿಕೊಳ್ಳುತ್ತವೆ. ಗೆರೆ ನೀಲಿಯಿದ್ದರೆ ಮೌಸಿನಿಂದ ಹಿಡಿದು ಎಳೆದು ನೋಡಬೇಕು. ಏನು ಅಲುಗಾಡುತ್ತದೋ ಅಲ್ಲಿ ಕಟ್ಟು ಕಮ್ಮಿ. ಅಳತೆ ತುಂಬಿ ಕಪ್ಪು ಮಾಡುವ ಆತುರ ಆಮೇಲೆ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಐವಾನ್ ಸದರ್ಲೆಂಡ್ 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ತಮ್ಮ ಪ್ರಬಂಧಕ್ಕಾಗಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಗೆರೆಗಳಿಗೆ ಇಂಥ ಕಟ್ಟುಪಾಡುಗಳಿದ್ದವು. ಡ್ರಾಯಿಂಗ್ ಬೋರ್ಡಿನ ಕಾಲದ ನನ್ನಂಥವರಿಗೆ ಮಾತ್ರ ಅಳತೆ ಬದಲಾದರೆ ಹಾಳೆಯನ್ನೇ ಹೊಸದಾಗಿ ಬರೆಯುವ ಶಿಕ್ಷೆ ಇತ್ತು. ಹಾಗೆ ಬರೆಯುವಾಗ ಪ್ರತಿ ತೂತಿನ ಮೇಲೂ ಕಣ್ಣು ಬೀಳುತ್ತಿತ್ತು, ಅದೂ ನಿಜ.

ಹನ್ನೆರಡು ಪ್ಲೇಟಿನ ಗತಿ ಏನಾಯಿತೆಂದು ನೀವು ಕೇಳಬಹುದು. ಕಾಗದದ ಮೇಲೆ ಬರೆಯುತ್ತಾ ಕೂತಾಗ ಹುಡುಗನಿಗೇ ಹೊಳೆಯಿತು. ತೂತುಗಳಿರುವುದು 15ರಲ್ಲಿ ಮತ್ತು 105ರಲ್ಲಿ; 120ಕ್ಕೆ ಕತ್ತರಿಸಿದರೆ ಹಳೆಯ ಪ್ಲೇಟೇ ಅಲ್ಲವೆ? ಸೋಮವಾರ ಮಾಲೀಕರಿಗೆ ಹೇಳಿದ. ಅವರು ಬ್ಯಾಂಡ್ ಸಾದಲ್ಲಿ ಕತ್ತರಿಸಿ, ಅಂಚು ಮಿಲ್ಲಿಂಗ್ ಮಾಡಿಸಿ, ಹಳೆಯ ಅಳತೆಯ ಮುಂದಿನ ಆರ್ಡರಿಗೆಂದು ಕಪಾಟಿನಲ್ಲಿಟ್ಟರು. ಸಂಬಳದಲ್ಲಿ ಹಿಡಿದದ್ದು ಕತ್ತರಿಸಿ ಉಳಿದ ಹನ್ನೆರಡು ತುಂಡುಗಳ ಬೆಲೆಯನ್ನು ಮಾತ್ರ. ಅದರಲ್ಲಿ ಒಂದು ತುಂಡನ್ನು ಹುಡುಗ ಬೇಡಿ ತಂದು ನನಗೆ ಕೊಟ್ಟಿದ್ದಾನೆ. ಈ ಅಂಕಣದ ಹಾಳೆಗಳು ಫ್ಯಾನಿನ ಗಾಳಿಗೆ ಹಾರದಂತೆ ಸದ್ಯ ಅದನ್ನೇ ಮೇಲಿಟ್ಟಿದ್ದೇನೆ.