ಕೆಂಪಂಗಿಯ ದಂಡಿಗೆ ಸೇರಬಹುದೆ?

ಹಳೆಯ ಕಾಲದ ಯುದ್ಧಗಳನ್ನು ಬಯಲಿನಲ್ಲಿ ಮತ್ತೆ ಆಡಿ ತೋರಿಸುವ ಸಂಘಗಳು ಬ್ರಿಟನ್ನಿನಲ್ಲಿ ಅನೇಕವಿವೆ. ಬ್ರಿಗೇಡಿಯರ್ ಪೀಟರ್ ಯಂಗ್ ಎಂಬವರು ೧೯೬೮ರಲ್ಲಿ ಸ್ಥಾಪಿಸಿದ ‘ಸೀಲ್ಡ್ ನಾಟ್’ ಸಂಘವು ಒಂದನೆಯ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತಃಕಲಹವನ್ನು ಆಡಿ ತೋರಿಸುತ್ತದೆ. ಬೇರೆ ಸಂಘಗಳು ನೆಪೋಲಿಯನ್ನನ ಕಾಲದ ದಂಡುಗಳ ವೇಷವನ್ನು ತೊಡುತ್ತವೆ. ೨೦೧೫ರಲ್ಲಿ ವಾಟರ್ಲೂ ಯುದ್ಧಕ್ಕೆ ಇನ್ನೂರು ವರ್ಷ ತುಂಬಿದಾಗ ಆ ಬಯಲಿನಲ್ಲಿ ೫,೦೦೦ಕ್ಕೂ ಮಿಕ್ಕ ವೇಷಧಾರಿಗಳು ನೆರೆದಿದ್ದರು. ಆ ದೇಶದಲ್ಲಿ ನೆಲೆಸಿರುವ ನಮ್ಮ ತರುಣರಿಗೂ ಇದರಲ್ಲಿ ಮನಸ್ಸಾದರೆ ಆಶ್ಚರ್ಯವೇನೂ ಇಲ್ಲ. ಆದರೆ ಕನ್ನಡಿಗನೊಬ್ಬನು ಬ್ರಿಟಿಷ್ ದಂಡಿನ ಕೆಂಪಂಗಿಯನ್ನು ತೊಡಬಹುದೆ? ತೊಡಬಹುದೆಂದೇ ನಮ್ಮ ಮತ. ತೊಟ್ಟವನು ಆ ಅಂಗಿಯ ಚರಿತ್ರೆಯನ್ನು ಪೂರ್ತಿಯಾಗಿ ಹೊರಬೇಕೆಂಬುದಷ್ಟೆ ನಮ್ಮ ನಿಬಂಧನೆ.

ಇದು ಮಕ್ಕಳಾಟವೆಂದು ನಗುವವರು ಆ ಸಂಘಗಳ ಕಟ್ಟುಪಾಡನ್ನು ಅರಿತವರಲ್ಲ. ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಪೊಲೀಸರ ಪರವಾನಗಿ ಬೇಕು. ಕರಿಮದ್ದನ್ನು ಕೊಳ್ಳುವುದಕ್ಕೆ ಇನ್ನೊಂದು ಬೇಕು. ಹೊಸಬನು ಮೊದಲು ಎರವಲು ಉಡುಪಿನಲ್ಲಿ ಕವಾಯತು ಕಲಿಯುತ್ತಾನೆ. ಪ್ರದರ್ಶನದಲ್ಲಿ ಮದ್ದು ಮಾತ್ರವೇ ಉರಿಯತಕ್ಕದ್ದು, ಗುಂಡಿಲ್ಲ. ಮದ್ದನ್ನು ಗಿಡಿಯುವ ಸಲಾಕೆಯನ್ನು ಸಹ ಅನೇಕ ಸಂಘಗಳು ಬಯಲಿನಲ್ಲಿ ಬಳಸಗೊಡುವುದಿಲ್ಲ. ಅಂಗಿಯ ಬಣ್ಣದಲ್ಲಿಯೂ ಅವರು ಸಡಿಲ ಬಿಡುವವರಲ್ಲ: ಅಧಿಕಾರಿಗಳ ಅಂಗಿ ಉಜ್ಜ್ವಲವಾದ ಕಡುಗೆಂಪು, ಸಾಮಾನ್ಯ ಸಿಪಾಯಿಯದು ಮಂಜಿಷ್ಠದ ಬೇರಿನಲ್ಲಿ ಅದ್ದಿದ ಇಟ್ಟಿಗೆಗೆಂಪು. ಇಷ್ಟು ಶ್ರದ್ಧೆ ನಮ್ಮಲ್ಲಿ ಎಷ್ಟು ಮಂದಿ ಪಂಡಿತರಿಗಿದೆ? ಇನ್ನೊಂದು ಸೋಜಿಗವನ್ನೂ ಹೇಳಬೇಕು. ಇಂದು ಇಂತಹ ವೇಷಧಾರಿಗಳ ಹೆಗಲೇರುವ ಕೋವಿಗಳಲ್ಲಿ ಅನೇಕವು ಭಾರತದ ಕಾರ್ಖಾನೆಗಳಲ್ಲಿಯೇ ತಯಾರಾಗಿ ಹೋದವು!

ಇನ್ನು ಚರಿತ್ರೆಯ ಮಾತು. ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಪ್ರಾಂತದೊಡನೆ ಸಂಬಂಧವಿದ್ದ ೩೩ನೆಯ ಕಾಲ್ದಳವನ್ನು ತೆಗೆದುಕೊಳ್ಳೋಣ. ವಾಟರ್ಲೂವಿನಲ್ಲಿ ಕಾದಿದ ಈ ದಳದ ವೇಷವನ್ನು ತೊಡುವವರು ಇಂದಿಗೂ ಇದ್ದಾರೆ. ಕತ್ತಿಯ ತುದಿಗೆ ಓಟ್ ಹಿಟ್ಟಿನ ರೊಟ್ಟಿಯನ್ನು ಚುಚ್ಚಿ ತೋರಿಸಿ ಹಸಿದ ಬಡವರನ್ನು ಇದಕ್ಕೆ ಸೇರಿಸುತ್ತಿದ್ದರೆಂದು ಪ್ರತೀತಿ. ಆ ರೊಟ್ಟಿಯನ್ನು ನಂಬಿ ಹೋದವರೇ ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತರು. ಅವರ ನಾಯಕ, ಆಗಿನ್ನೂ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದವನು. ಏಪ್ರಿಲ್ ೫ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಅವನು ಕತ್ತಲೆಯಲ್ಲಿ ದಿಕ್ಕು ತಪ್ಪಿ ಸೋತು ಹಿಂದಿರುಗಿದನು. ಆ ರಾತ್ರಿ ಮೈಸೂರಿನವರ ಕೈಗೆ ಸಿಕ್ಕಿದ ಹನ್ನೆರಡು ಮಂದಿ ಸಿಪಾಯಿಗಳನ್ನು ಸೆರೆಯಲ್ಲಿ ಕೊಲ್ಲಲಾಯಿತು. ಈ ಕೃತ್ಯವನ್ನು ನಾವೂ ಮರೆಮಾಚತಕ್ಕದ್ದಲ್ಲ.

ಮೇ ೪ರ ಮಧ್ಯಾಹ್ನ ಕಾವೇರಿಯನ್ನು ದಾಟಿ ಕೋಟೆಗೆ ಲಗ್ಗೆಯಿಟ್ಟವರಲ್ಲಿ ಈ ದಳವೂ ಇತ್ತು. ಟಿಪ್ಪು ಸುಲ್ತಾನನು ಮಡಿದನು. ಆ ರಾತ್ರಿ ಪಟ್ಟಣದಲ್ಲಿ ಸೂರೆಯಾಗದ ಮನೆ ಇರಲಿಲ್ಲವೆಂಬಷ್ಟು ಲೂಟಿ ನಡೆಯಿತು. ಇದು ನಮ್ಮವರು ಹೊರಿಸಿದ ಅಪವಾದವಲ್ಲ. ವೆಲ್ಲೆಸ್ಲಿಯೇ ನಾಲ್ಕು ದಿನಗಳ ತರುವಾಯ ಗವರ್ನರ್ ಜನರಲ್ ಆಗಿದ್ದ ತನ್ನ ಅಣ್ಣನಿಗೆ ಕಾಗದದಲ್ಲಿ ತಿಳಿಸಿದ ವಿಷಯ. ಮರುದಿನ ಅವನು ಗಲ್ಲು, ಛಡಿ ಏಟುಗಳ ಬಲದಿಂದ ತನ್ನ ಸೈನಿಕರನ್ನು ಹತೋಟಿಗೆ ತರಬೇಕಾಯಿತು. ಅಂಗಿಯ ಗುಂಡಿಯನ್ನು ಲೆಕ್ಕವಿಟ್ಟು ಹೊಲಿಯುವ ಸಂಘವು ಆ ರಾತ್ರಿಯ ಲೆಕ್ಕವನ್ನು ಬಿಟ್ಟರೆ ಅದನ್ನು ಚರಿತ್ರೆಯೆಂದು ಕರೆಯಲು ನಾವು ಒಪ್ಪಲಾರೆವು. ಸೂರೆಯನ್ನು ಬಯಲಿನಲ್ಲಿ ಅಭಿನಯಿಸಿರೆಂದು ನಾವು ಹೇಳುವುದಿಲ್ಲ. ಆಟ ಮುಗಿದ ಮೇಲೆ ಪ್ರೇಕ್ಷಕರೊಡನೆ ಮಾತನಾಡುವ ಪದ್ಧತಿ ಆ ಸಂಘಗಳಲ್ಲಿ ಉಂಟಷ್ಟೆ; ಅಲ್ಲಿ ಹೇಳಬಹುದು. ಅದನ್ನು ಹೇಳುವುದಕ್ಕೆ ಕನ್ನಡಿಗನೊಬ್ಬನು ಆ ಸಾಲಿನಲ್ಲಿದ್ದರೆ ಒಳ್ಳೆಯದಲ್ಲವೆ?

ಲಗ್ಗೆಗೆ ನೇಮಕವಾದ ಸುಮಾರು ೪,೪೦೦ ಮಂದಿಯಲ್ಲಿ ಸುಮಾರು ೧,೯೦೦ ಮಂದಿ ಭಾರತೀಯರೇ ಆಗಿದ್ದರು. ಅಪ್ರಿಯವಾದರೂ ಇದು ಸತ್ಯ. ಕಂಪೆನಿಯ ಸಿಪಾಯಿಯೂ ಕೆಂಪಂಗಿಯನ್ನೇ ತೊಟ್ಟಿದ್ದನು. ಬ್ರಿಟನ್ನಿನ ಸಿಖ್ಖರು ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ತಮ್ಮ ಹಿರಿಯರ ಸಮವಸ್ತ್ರವನ್ನು ತೊಟ್ಟು ಅಲ್ಲಿನ ಜನರ ಮುಂದೆ ನಿಂತಿದ್ದಾರೆ. ನಮ್ಮವರು ಮದರಾಸಿನ ಸಿಪಾಯಿಯ ಪಾತ್ರವನ್ನು ಏಕೆ ವಹಿಸಬಾರದು? ಅದಕ್ಕಿಂತ ಮೇಲಾಗಿ, ಎದುರು ಪಕ್ಷದಲ್ಲಿ ಮೈಸೂರಿನ ಬಾಣದಾರರಾಗಿ ಏಕೆ ನಿಲ್ಲಬಾರದು? ಕಬ್ಬಿಣದ ನಳಿಗೆಯ ಆ ಅಗ್ನಿಬಾಣಗಳನ್ನು ಕಂಡ ಮೇಲೆಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವನು ತನ್ನ ಬಾಣಗಳ ಪ್ರಯೋಗಕ್ಕೆ ತೊಡಗಿದನು. ಎದುರಾಳಿಯಿಲ್ಲದ ಯುದ್ಧವನ್ನು ಆಡುವುದು ಆ ಸಂಘದವರಿಗೂ ರುಚಿಸಲಾರದು.

ಕೆಂಪಂಗಿಯನ್ನು ಮುಟ್ಟುವುದೇ ದಾಸ್ಯವೆಂದು ಕೆಲವರು ಮುನಿಯಬಹುದು. ೧೯೪೭ರಲ್ಲಿ ಸ್ವತಂತ್ರವಾದ ದೇಶವು ಒಂದು ಅಂಗಿಗೆ ಅಂಜಬೇಕಾಗಿಲ್ಲ. ನಮ್ಮ ಯಕ್ಷಗಾನದಲ್ಲಿ ರಾವಣನ ವೇಷವನ್ನು ಕಟ್ಟಿದವನನ್ನು ಯಾರೂ ರಾಮದ್ರೋಹಿಯೆನ್ನುವುದಿಲ್ಲ; ಬಣ್ಣ ಗಟ್ಟಿಯಾಗಿರಲಿ, ಪಾತ್ರ ಪೂರ್ಣವಾಗಿರಲಿ ಎಂದೇ ಕೇಳುತ್ತೇವೆ.

ಸಂಘಕ್ಕೆ ಹೆಸರು ಕೊಡುವ ತರುಣನು ಮೊದಲು ರಜೆಯಲ್ಲಿ ಊರಿಗೆ ಬಂದಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋಗಿ ಪಶ್ಚಿಮದ ಗೋಡೆಯ ಮುಂದೆ ಒಂದು ಗಳಿಗೆ ನಿಲ್ಲಲಿ. ೧೭೮೦ರಲ್ಲಿ ಪೊಲ್ಲಿಲೂರಿನ ಬಳಿ ಹೈದರನೂ ಟಿಪ್ಪುವೂ ಬೈಲಿಯ ದಂಡನ್ನು ಮುತ್ತಿ ಮುರಿದ ಚಿತ್ರ ಅಲ್ಲಿದೆ: ನಡುವೆ ಕೆಂಪಂಗಿಯವರ ಚೌಕ, ಸುತ್ತಲೂ ಮೈಸೂರಿನ ಕುದುರೆಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಬೈಲಿ. ಪಟ್ಟಣವನ್ನು ಗೆದ್ದು ಆ ಅರಮನೆಯಲ್ಲಿ ವಾಸಮಾಡಿದ ವೆಲ್ಲೆಸ್ಲಿಯು ತನ್ನವರ ಸೋಲಿನ ಆ ಚಿತ್ರಕ್ಕೆ ಸುಣ್ಣ ಬಳಿಸಲಿಲ್ಲ. ಮತ್ತೆ ಬಣ್ಣ ಹಾಕಿಸಿದನು.