ಜೀರ್ಣೋದ್ಧಾರದ ಮೇರೆ

ಹಳೆಯದನ್ನು ಉಳಿಸುವುದು ಒಂದು, ಹಳೆಯದನ್ನು ಹೊಸದು ಮಾಡುವುದು ಇನ್ನೊಂದು. ಮಾತಿನಲ್ಲಿ ನಾವು ಇವೆರಡಕ್ಕೂ ಜೀರ್ಣೋದ್ಧಾರವೆಂಬ ಒಂದೇ ಹೆಸರನ್ನು ಕೊಟ್ಟಿದ್ದೇವೆ. ಕೆಲಸಕ್ಕೆ ಕೈಹಾಕಿದಾಗ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಹಳೆಯ ಗುಡಿ, ಹಳೆಯ ಮನೆ, ಹಳೆಯ ಓಲೆಗರಿ ಇವುಗಳ ವಿಚಾರದಲ್ಲಿ ಈ ಪ್ರಶ್ನೆಯನ್ನು ಬಲ್ಲವರು ಎತ್ತಿದ್ದುಂಟು. ನಾನು ಅದನ್ನು ಒಂದು ಹಳೆಯ ಕಾರಿನ ನೆಪದಿಂದ ಎತ್ತಬೇಕೆಂದಿದ್ದೇನೆ. ಕನ್ನಡ ಮೇಷ್ಟರಿಗೂ ಕಾರಿಗೂ ಎಲ್ಲಿಯ ನಂಟು ಎಂದು ವಾಚಕರು ನಗಬಹುದು. ನಂಟು ಇದೆ, ಕೊಂಚ ತಾಳ್ಮೆ ವಹಿಸಬೇಕೆಂದು ವಿನಂತಿ.

ನಾನು ಹೇಳಹೊರಟಿರುವುದು ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆಯುವ ಜಾತಿಯ ವಾಹನದ ಮಾತು. ನಮ್ಮ ನುಡಿಯಲ್ಲಿ ಅದನ್ನು ಜಟ್ಟಿ ಕಾರು ಎನ್ನಬಹುದು. ನಡುಗಾತ್ರದ, ಸಾಧಾರಣ ಬೆಲೆಯ ಒಡಲಿನಲ್ಲಿ ದೊಡ್ಡ ಕಾರಿನ ಎಂಜಿನ್ನನ್ನು ಕೂರಿಸಿದರೆ ಹುಟ್ಟುವ ಪ್ರಾಣಿ ಇದು. ಇಂಥ ಪ್ರಯೋಗಗಳು ಮೊದಲೂ ನಡೆದಿದ್ದುವು. ಆದರೆ ಅದಕ್ಕೊಂದು ಕುಲಗೋತ್ರ ಬಂದದ್ದು 1964ರ ಪಾಂಟಿಯಾಕ್ ಜಿಟಿಒ ಕಾರಿನಿಂದ ಎಂದು ಬಹುಮಂದಿಯ ಅಭಿಪ್ರಾಯ. ಆ ಹುಟ್ಟಿನಲ್ಲಿಯೇ ಒಂದು ಜಾಣತನವಿದೆ. ನಡುಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬುದು ಜನರಲ್ ಮೋಟಾರ್ಸ್ ಸಂಸ್ಥೆಯ ಕಟ್ಟಳೆಯಾಗಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ನರೂ ಅವರ ಸಂಗಡಿಗರೂ 389 ಘನ ಅಂಗುಲದ ಎಂಜಿನ್ನನ್ನು ಹೊಸ ಕಾರೊಂದರ ಎಂಜಿನ್ ಎಂದು ಹೇಳದೆ, ಲೆಮಾನ್ಸ್ ಎಂಬ ಕಾರಿಗೆ ಬೇಕಾದವರು ಹೆಚ್ಚು ಹಣ ತೆತ್ತು ಹಾಕಿಸಿಕೊಳ್ಳಬಹುದಾದ ಸಲಕರಣೆ ಎಂದು ಪಟ್ಟಿಯೊಳಗೆ ಸೇರಿಸಿಬಿಟ್ಟರು. ಕಟ್ಟಳೆ ಮುರಿಯಲಿಲ್ಲ, ಕಾರು ಮಾತ್ರ 325 ಅಶ್ವಶಕ್ತಿಯಿಂದ ಓಡಿತು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದುವು. ಈ ಜಾಣತನದ ಫಲವನ್ನು ಮುಂದೆ ಯಾರು ಉಣ್ಣಬೇಕಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ಜಟ್ಟಿಗಳ ಕಾಲ ದೀರ್ಘವಾಗಿರಲಿಲ್ಲ. 1970ರಲ್ಲಿ ಷೆವೆಲ್ ಕಾರಿನ 454 ಘನ ಅಂಗುಲದ ಎಂಜಿನ್ 450 ಅಶ್ವಶಕ್ತಿಯವರೆಗೆ ಏರಿತು. ಅದೇ ವರ್ಷ ಬಂದ ವಾಯುಶುದ್ಧಿಯ ಕಾಯಿದೆ, ತರುಣ ಚಾಲಕರ ಮೇಲೆ ಏರಿದ ವಿಮೆಯ ದರ, 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದದ್ದು, ಇವೆಲ್ಲ ಸೇರಿ ಆಟವನ್ನು ಮುಗಿಸಿದುವು. ಉಳಿದ ಕಾರುಗಳು ಕೈಯಿಂದ ಕೈಗೆ ಇಳಿದು ಕೊಟ್ಟಿಗೆಗಳನ್ನೂ ಹಿತ್ತಿಲುಗಳನ್ನೂ ಸೇರಿದುವು.

ಅಲ್ಲಿ ಅವನ್ನು ಕಾದಿದ್ದದ್ದು ತುಕ್ಕು. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಒಂದು ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಆ ನಾಡಿನವರು ಉಪ್ಪನ್ನು ಎರಚುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಗಾದೆ. ಅಲ್ಲಿ ಉಪ್ಪೂ ನೀರೂ ಕೂಡಿ ಕಾರನ್ನೇ ತಿನ್ನುತ್ತವೆ. ನೆಲದ ಮೇಲೆ ಕಾರನ್ನು ಮಾಡಿದ ಊರೇ ನೆಲದ ಕೆಳಗೆ ಅದರ ಶತ್ರುವನ್ನು ಸಾಕಿಕೊಂಡಿರುವುದು ವಿಧಿಯ ವಿನೋದವೇ ಸರಿ.

ಮಿಷಿಗನ್ ರಾಜ್ಯದಲ್ಲಿ ಕನ್ನಡಿಗರು ಕಡಮೆಯಿಲ್ಲ. ಅವರು ಕಟ್ಟಿಕೊಂಡಿರುವ ಕೂಟಕ್ಕೆ ಪಂಪನ ಹೆಸರಿದೆ. ನನ್ನ ಅಕ್ಕನ ಸಂಸಾರವೂ ಅಲ್ಲಿಯೇ. ಕಾರಿನ ಉದ್ಯಮದಲ್ಲಿ ದುಡಿದು ನಿವೃತ್ತರಾದ ಭಾವ 1965ರ ಮಾದರಿಯ ಜಿಟಿಒ ಒಂದನ್ನು ಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಾನು ಅವರ ಮನೆಯಲ್ಲಿದ್ದೆ. ಹೊರಗೆ ಮೊಣಕಾಲುದ್ದ ಹಿಮ; ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಒಂದು ಸಣ್ಣ ಹೀಟರು, ನಾಲ್ಕು ಕಬ್ಬಿಣದ ಆಸರೆಗಳ ಮೇಲೆ ನಿಂತ ಕಾರು, ಅದರ ಕೆಳಗೆ ಭಾವನ ಎರಡು ಕಾಲು. ಚಳಿಗಾಲ ಬಿಚ್ಚುವ ಕಾಲ, ಜೋಡಿಸುವ ಕಾಲ. ಬಣ್ಣ ಹಚ್ಚುವುದಕ್ಕೆ ಬಿಸಿಲು ಬರಬೇಕು. ತುಕ್ಕು ಹಿಡಿದ ಬೋಲ್ಟಿಗೆ ರಾತ್ರಿ ಎಣ್ಣೆ ಬಿಟ್ಟು ಬೆಳಗ್ಗೆ ತಿರುಗಿಸಬೇಕು; ಅವಸರಪಟ್ಟರೆ ಮುರಿಯುತ್ತದೆ. ಬಿಚ್ಚಿದ ಒಂದೊಂದು ನಟ್ಟನ್ನೂ ಚೀಲದಲ್ಲಿಟ್ಟು ಚೀಟಿ ಅಂಟಿಸಬೇಕು. ಮೊದಲು ಛಾಯಾಚಿತ್ರ, ಆಮೇಲೆ ಸ್ಪ್ಯಾನರು. ಒಡಲ ಮೇಲೆಲ್ಲ ಅಯಸ್ಕಾಂತವನ್ನು ಆಡಿಸಿ ನೋಡಬೇಕು. ಅದು ಹಿಡಿಯದೆ ಜಾರಿದ ಕಡೆ ಒಳಗಿರುವುದು ಉಕ್ಕಲ್ಲ, ಯಾರೋ ತೂತು ಮುಚ್ಚಲು ಮೆತ್ತಿದ ಪುಟ್ಟಿ.

ಇದನ್ನು ನೋಡುತ್ತ ನೋಡುತ್ತ ನನಗೆ ಹೊಳೆದದ್ದು, ಇದು ನನಗೆ ಹೊಸ ವಿದ್ಯೆಯಲ್ಲ ಎಂದು. ಗ್ರಂಥಸಂಪಾದನೆಯೆಂದು ನಾವು ಎಂ.ಎ. ತರಗತಿಯಲ್ಲಿ ಓದಿದ್ದೂ ಇದನ್ನೇ. ಹುಳು ತಿಂದ ಓಲೆಯಲ್ಲಿ ಅಕ್ಷರ ಹೋದ ಕಡೆ ಏನಿತ್ತು? ಇದು ಕವಿಯ ಪಾಠವೋ, ಲಿಪಿಕಾರನ ಕೈತಪ್ಪೋ, ಯಾರೋ ಜಾಣ ಸೇರಿಸಿದ ಪ್ರಕ್ಷೇಪವೋ? ಪುಟ್ಟಿಯೆಂದರೆ ಪ್ರಕ್ಷೇಪವಲ್ಲದೆ ಮತ್ತೇನು? ಅಷ್ಟೇಕೆ, ಓಲೆಗ್ರಂಥದ ಕೊನೆಯಲ್ಲಿ ಲಿಪಿಕಾರ ಹೆಸರು ತಿಥಿಗಳನ್ನು ಬರೆದಿಡುವಂತೆ, ಆ ಕಾಲದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಕೆಲವೊಮ್ಮೆ ಆಸನದ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೋ ಕಾರ್ಖಾನೆಯ ಕಾಗದವೊಂದು ಸಿಕ್ಕುತ್ತದೆ. ಯಾವ ಎಂಜಿನ್, ಯಾವ ಗಿಯರು ಎಂದು ಕೆಲಸಗಾರರಿಗೆ ತಿಳಿಸಲು ಹೊರಡಿಸಿದ ಆ ಹಾಳೆ ದಶಕಗಳ ಕಾಲ ಕತ್ತಲಲ್ಲಿ ಕುಳಿತಿದ್ದು ಸಾಕ್ಷಿ ನುಡಿಯುತ್ತದೆ.

ಭಾವನ ಕಾರಿನಲ್ಲಿ ಆ ಹಾಳೆ ಸಿಕ್ಕಲಿಲ್ಲ. ಸಿಕ್ಕಿದ್ದು ಎರಡು ತಾರೀಖು. ಎಂಜಿನ್ನಿನ ಹಿಂದಣ ತಗಡಿನ ಗೋಡೆಗೆ ಬಡಿದಿದ್ದ ಫಲಕದಲ್ಲಿ 03ಬಿ ಎಂದಿತ್ತು. ಕಾರಿನ ಒಡಲು ಮಾರ್ಚ್ ತಿಂಗಳ ಎರಡನೆಯ ವಾರದ್ದು ಎಂದರ್ಥ, ವರ್ಷ 1965. ಜಿಡ್ಡನ್ನು ಉಜ್ಜಿ ತೆಗೆದಾಗ ಎಂಜಿನ್ನಿನ ಎರಕದಲ್ಲಿ ಎದ್ದ ಅಕ್ಷರಗಳು ಎ126 ಎಂದುವು; ಎಂದರೆ 1966ರ ಜನವರಿ 12. ತಾನು ಹುಟ್ಟುವ ಮೊದಲೇ ತಯಾರಾದ ಕಾರಿನಲ್ಲಿ ಈ ಎಂಜಿನ್ ಕುಳಿತಿತ್ತು! ಕವಿಯ ಕಾಲಕ್ಕಿಂತ ಈಚಿನ ಶಬ್ದವೊಂದು ಕಾವ್ಯದಲ್ಲಿ ಕಂಡರೆ ನಮಗೆ ಬರುವ ಸಂದೇಹವೇ ಭಾವನಿಗೂ ಬಂತು. ಕಾರ್ಖಾನೆಯ ಹಳೆಯ ಮಾರಾಟಪತ್ರದ ಪ್ರತಿಗಾಗಿ ಅವರು ಬರೆದು ಹಾಕಿದರು. ಬಂದ ಪ್ರತಿ ಸ್ಪಷ್ಟವಾಗಿತ್ತು. ಕಾರು ಜಿಟಿಒ ಅಲ್ಲ. 326 ಘನ ಅಂಗುಲದ ಎಂಜಿನ್ನಿನೊಡನೆ ಮಾರಾಟವಾದ ಬರಿಯ ಲೆಮಾನ್ಸ್. ನಡುವೆ ಎಲ್ಲಿಯೋ ಯಾರೋ ಎಂಜಿನ್ ಬದಲಾಯಿಸಿ, ಜಿಟಿಒ ಬಿಲ್ಲೆಗಳನ್ನು ಬಡಿದಿದ್ದರು.

ಹಿಂದೆ ಹೇಳಿದ ಜಾಣತನದ ಫಲ ಇಲ್ಲಿ ಬರುತ್ತದೆ. ಜಿಟಿಒ ಎಂಬುದು ಬೇರೆ ಮಾದರಿಯಾದದ್ದು 1966ರಲ್ಲಿ. 1964 ಮತ್ತು 1965ರ ಕಾರುಗಳಲ್ಲಿ ಅದು ಕೇವಲ ಹೆಚ್ಚುವರಿ ಸಲಕರಣೆಯಾಗಿದ್ದುದರಿಂದ, ಕಾರಿನ ಮೇಲಿನ ಸಂಖ್ಯೆಯನ್ನು ಓದಿ ಲೆಮಾನ್ಸ್ ಯಾವುದು, ಜಿಟಿಒ ಯಾವುದು ಎಂದು ಹೇಳಲಾಗದು. ಆ ಕಾಗದವನ್ನು ಒಲೆಗೆ ಹಾಕಿದ್ದರೆ ನೋಡಿದವರಾರೂ ಬೆರಳೆತ್ತುತ್ತಿರಲಿಲ್ಲ. ಎರಡರ ಬೆಲೆಗೂ ಇರುವ ಅಂತರವೋ ಬಹಳ. “ಈಗೇನು ಮಾಡುತ್ತೀರಿ ಭಾವ?” ಎಂದೆ. ಅವರು ಕೈಯ ಜಿಡ್ಡನ್ನು ಒರಸಿಕೊಳ್ಳುತ್ತ, “ಮೇಷ್ಟ್ರೆ, ಈ ಕಾರು ತನ್ನ ಹೆಸರನ್ನು ತಾನೇ ಹೇಳಿಬಿಟ್ಟಿತಲ್ಲ. ಇನ್ನು ನಾನು ಬೇರೆ ಹೆಸರಿಟ್ಟು ಕರೆಯುವುದು ಹೇಗೆ?” ಎಂದರು. ಬಿಲ್ಲೆಗಳನ್ನು ತೆಗೆದರು. ಮೂಲದ ಎಂಜಿನ್ ಎಲ್ಲಿ ಹೋಯಿತೋ ತಿಳಿಯದು. ಆದ್ದರಿಂದ ಇದ್ದದ್ದನ್ನೇ ಉಳಿಸಿಕೊಂಡು, ಇದು ಈ ಕಾರಿನ ಎಂಜಿನ್ ಅಲ್ಲವೆಂದು ಒಂದು ಹಾಳೆಯಲ್ಲಿ ಬರೆದು ಮಾರಾಟಪತ್ರದ ಪ್ರತಿಯೊಡನೆ ಕಾರಿನಲ್ಲಿಯೇ ಇಟ್ಟರು. ಅಕ್ಕನಿಗೆ ಕಳೆದುಕೊಂಡ ಹಣದ ಚಿಂತೆ ಹತ್ತಿತು. ಅದು ಸಣ್ಣ ಮೊತ್ತವಲ್ಲ.

ನನ್ನ ಅಭಿಪ್ರಾಯವನ್ನು ಈಗ ಹೇಳಬಹುದು. ಜೀರ್ಣೋದ್ಧಾರಕನಿಗೆ ಎರಡು ಆಮಿಷಗಳಿವೆ. ಒಂದು, ಇಲ್ಲದ ಹಿರಿಮೆಯನ್ನು ಆರೋಪಿಸುವುದು. ಅದನ್ನು ಮೇಲೆ ಕಂಡೆವು. ಅನುಕರಣೆಯನ್ನು ಅನುಕರಣೆಯೆಂದೇ ಹೇಳಿ ಮಾಡಿದರೆ ಅದರಲ್ಲಿ ದೋಷವಿಲ್ಲ; ಹೇಳದಿದ್ದರೆ ಅದು ಕೂಟಶಾಸನ. ಎರಡನೆಯದು ಇದಕ್ಕಿಂತ ಸೂಕ್ಷ್ಮ: ಇದ್ದುದಕ್ಕಿಂತ ಚೆಂದ ಮಾಡುವುದು. ಆ ಕಾಲದ ಕಾರ್ಖಾನೆಯಲ್ಲಿ ಬಾಗಿಲ ಸಂದುಗಳು ಒಂದೇ ಸಮನಾಗಿರುತ್ತಿರಲಿಲ್ಲ. ಮೇಲಿನ ಬಣ್ಣ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗಿರುತ್ತಿತ್ತು. ಇಂದು ಪ್ರದರ್ಶನಕ್ಕೆ ಬರುವ ಅನೇಕ ಕಾರುಗಳಲ್ಲಿ ಕನ್ನಡಿಯಂತೆ ಮುಖ ಕಾಣುತ್ತದೆ. ನೋಡಲು ಸೊಗಸೇ. ಆದರೆ ಅದು 1965ರ ಕಾರಲ್ಲ. 1965ನ್ನು ಕುರಿತು ನಾವು ಕಂಡ ಕನಸು. ಹಳಗನ್ನಡ ಕವಿಯ ಒರಟು ಪ್ರಯೋಗವನ್ನು ನುಣುಪುಗೊಳಿಸಿ ಅಚ್ಚು ಹಾಕಿದ ಸಂಪಾದಕನೂ ಇದೇ ಕೆಲಸ ಮಾಡುತ್ತಾನೆ. ಅವನು ಕವಿಗೆ ಉಪಕಾರ ಮಾಡಿದೆನೆಂದುಕೊಳ್ಳುತ್ತಾನೆ; ಮಾಡಿದ್ದು ಕವಿಯ ಬಾಯಿ ಮುಚ್ಚುವ ಕೆಲಸ.

ಜಿಟಿಒ ಹುಟ್ಟಿದ 1964ರಲ್ಲಿಯೇ ವೆನಿಸ್ ನಗರದಲ್ಲಿ ಪುರಾತನ ಕಟ್ಟಡಗಳ ಸಂರಕ್ಷಣೆಯನ್ನು ಕುರಿತ ಸನ್ನದೊಂದು ರೂಪುಗೊಂಡಿತು. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಕೂಡಿಸಿದ ಭಾಗ ಹಳೆಯದೆಂಬ ಭ್ರಮೆ ಹುಟ್ಟಿಸಬಾರದು ಎಂಬುದು ಅದರ ಸಾರಾಂಶಗಳಲ್ಲಿ ಒಂದು. ಅದನ್ನು ಬರೆದವರ ಕಣ್ಣಮುಂದೆ ಇದ್ದದ್ದು ಗುಡಿ ಗೋಪುರಗಳು, ಕಾರುಗಳಲ್ಲ. ಆದರೂ ಗ್ಯಾರೇಜಿನ ಗೋಡೆಗೆ ಬರೆದು ಹಾಕಲು ಇದಕ್ಕಿಂತ ಒಳ್ಳೆಯ ಮಾತು ನನಗೆ ತೋರದು.

ಹಾಗಾದರೆ ಏನನ್ನೂ ಮುಟ್ಟಬಾರದೆ? ಹಾಗಲ್ಲ. ಭಾವನ ಕಾರಿಗೆ ಇದ್ದ ಬ್ರೇಕಿನ ಏರ್ಪಾಟಿನಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಕೋಣೆಯಿಂದ ದ್ರವ ಹೋಗುತ್ತಿತ್ತು. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. 1967ರ ಮಾದರಿಯಿಂದ ಎರಡು ಕೋಣೆ ಬಂದುವು. ಅದನ್ನು ತಂದು ಹಾಕಿದರೆ ಯಾವ ಸನ್ನದೂ ಆಕ್ಷೇಪಿಸಲಾರದು. ಪ್ರಾಣರಕ್ಷಣೆಗೆ ಬೇಕಾದದ್ದನ್ನು ಮಾಡಬೇಕು. ಮಾಡಿದ್ದನ್ನು ಮತ್ತೆ ತೆಗೆಯುವಂತಿರಬೇಕು. ತೆಗೆದ ಹಳೆಯ ಭಾಗವನ್ನು ಜೋಪಾನವಾಗಿಟ್ಟು, ಮಾಡಿದ್ದನ್ನು ಬರೆದಿಡಬೇಕು. ಸಂಪಾದಕನ ಅಡಿಟಿಪ್ಪಣಿ ಮಾಡುವ ಕೆಲಸವೇ ಇದು. ನೆಲದ ತಗಡು ತುಕ್ಕಿಗೆ ಪೂರ್ತಿ ಹೋಗಿದ್ದರೆ ಕತ್ತರಿಸಿ ಹೊಸತನ್ನು ವೆಲ್ಡ್ ಮಾಡಲೇಬೇಕು. ಆದರೆ ಬಾಗಿಲ ಒಳಗಡೆ ಹಳೆಯ ಬಣ್ಣ ಒಂದು ಗೇಣು ಉಳಿದಿದ್ದರೂ ಅದನ್ನು ಕೆರೆಯಬಾರದು. ಹೊಸ ಬಣ್ಣ ಅಂಗಡಿಯಲ್ಲಿ ಎಂದೂ ಸಿಕ್ಕುತ್ತದೆ. ಆ ಗೇಣಗಲದ ಹಳೆಯ ಬಣ್ಣ ಇನ್ನೆಲ್ಲಿಯೂ ಸಿಕ್ಕದು.

ಗಾಯದ ಗುರುತಿಗೂ ಬೆಲೆಯುಂಟೆಂಬುದಕ್ಕೆ ಒಂದು ದೃಷ್ಟಾಂತವಿದೆ. 1968ರ ‘ಬುಲಿಟ್’ ಚಲನಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಓಡಿಸಿದ ಹಸುರು ಬಣ್ಣದ ಮಸ್ಟಾಂಗ್ ಕಾರನ್ನು 1974ರಲ್ಲಿ ಒಂದು ಕುಟುಂಬ ಸುಮಾರು 6,000 ಡಾಲರಿಗೆ ಕೊಂಡಿತು. ಆ ಮನೆಯ ಗೃಹಿಣಿ ಶಾಲೆಯ ಉಪಾಧ್ಯಾಯಿನಿ. ಅದನ್ನು ಓಡಿಸಿಕೊಂಡು ಪಾಠಕ್ಕೆ ಹೋಗುತ್ತಿದ್ದರು. ಮುಂದೆ ಅದು ದಶಕಗಳ ಕಾಲ ಮೂಲೆ ಸೇರಿತು. 2020ರ ಜನವರಿಯಲ್ಲಿ ಹರಾಜಿಗೆ ಬಂದಾಗ ಅದರ ಬಣ್ಣ ಮಾಸಿತ್ತು, ತುಕ್ಕಿತ್ತು. ಚಿತ್ರೀಕರಣಕ್ಕಾಗಿ ಕ್ಯಾಮೆರಾ ಕೂರಿಸಲು ಬೆಸೆದಿದ್ದ ಕಬ್ಬಿಣದ ತುಂಡುಗಳು ಹಾಗೆಯೇ ಇದ್ದುವು. ಶುಲ್ಕವೂ ಸೇರಿ 37 ಲಕ್ಷ 40 ಸಾವಿರ ಡಾಲರಿಗೆ ಅದು ಹೋಯಿತು. ಹೊಸ ಬಣ್ಣ ಬಳಿದು, ಆ ತುಂಡುಗಳನ್ನು ‘ಅಸಹ್ಯ’ವೆಂದು ಕತ್ತರಿಸಿದ್ದರೆ ಅದು ನೂರರಲ್ಲಿ ಒಂದು ಮಸ್ಟಾಂಗ್ ಆಗುತ್ತಿತ್ತು.

ಆಕ್ಷೇಪಣೆಗಳಿಲ್ಲದಿಲ್ಲ. ನನ್ನ ಕಾರು, ನನ್ನ ಹಣ, ನನಗೆ ಬೇಕಾದಂತೆ ಮಾಡಿಕೊಳ್ಳುತ್ತೇನೆ ಎನ್ನುವವರಿದ್ದಾರೆ. ಕಾನೂನಿನ ದೃಷ್ಟಿಯಿಂದ ಅವರ ಮಾತು ನಿಜ. ಆದರೆ ವಸ್ತು ನಮ್ಮದಾದ ಮಾತ್ರಕ್ಕೆ ಅದರ ಚರಿತ್ರೆ ನಮ್ಮದಾಗುವುದಿಲ್ಲ. ಚರಿತ್ರೆ ನಮಗಿಂತ ಹಿಂದಿನವರದೂ ಮುಂದಿನವರದೂ ಆಗಿದೆ. ಇನ್ನು ಕೆಲವರು, ಪೆಟ್ರೋಲನ್ನು ನೀರಿನಂತೆ ಕುಡಿದು ಹೊಗೆ ಉಗುಳುವ ಈ ರಾಕ್ಷಸನ ಮೇಲೆ ಇಷ್ಟು ಮಮಕಾರವೇಕೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉಳಿಸಿಕೊಳ್ಳುವುದೆಂದರೆ ಪೂಜಿಸುವುದಲ್ಲ. ಎಣ್ಣೆಗೆ ಕೊನೆಯಿಲ್ಲವೆಂದು, ಗಾಳಿಗೆ ಒಡೆಯನಿಲ್ಲವೆಂದು ಒಂದು ತಲೆಮಾರು ನಂಬಿತ್ತು. ಆ ನಂಬಿಕೆ ಹೇಗಿತ್ತೆಂದು ಪುಸ್ತಕ ಹೇಳಬಲ್ಲುದು. ಕಾರು ಅದನ್ನು ಕೈಗೆ ಸಿಕ್ಕುವಂತೆ ತೋರಿಸಬಲ್ಲುದು. ತೋರಿಸಬೇಕಾದರೆ ಅದು ನಿಜವಾದ ಕಾರಾಗಿರಬೇಕು.

ಯಾವ ಜೀರ್ಣೋದ್ಧಾರವೂ ಕಡೆಯದಲ್ಲ. ಇಂದು ನಾವು ಬಿಗಿದ ಬೋಲ್ಟನ್ನು ಐವತ್ತು ವರ್ಷದ ಮೇಲೆ ಇನ್ನಾರೋ ಬಿಚ್ಚುತ್ತಾರೆ; ಇಂದು ನಾವು ನಿರ್ಣಯಿಸಿದ ಪಾಠವನ್ನು ಇನ್ನಾರೋ ವಿದ್ಯಾರ್ಥಿ ಮತ್ತೆ ತೂಗಿ ನೋಡುತ್ತಾನೆ. ನಮ್ಮ ಕೆಲಸವನ್ನು ಮೆಚ್ಚಬೇಕಾದವನು ಪ್ರದರ್ಶನದ ದಿನ ಚಪ್ಪಾಳೆ ತಟ್ಟುವವನಲ್ಲ, ಆ ಅಪರಿಚಿತ. ಅವನು ಬಿಚ್ಚಿದಾಗ ಯಾವುದು ಹಳೆಯದು, ಯಾವುದು ನಾವು ಕೂಡಿಸಿದ್ದು ಎಂದು ತಡವರಿಸದೆ ತಿಳಿಯುವಂತಿದ್ದರೆ ನಾವು ನಮ್ಮ ಪಾಲಿನ ಕೆಲಸವನ್ನು ಮಾಡಿದಂತೆ.