ಗಂಟೆಗೆ ಅರವತ್ತೇ ಏಕೆ?

ರೂಪಾಯಿಗೆ ನೂರು ಪೈಸೆ, ಮೀಟರಿಗೆ ನೂರು ಸೆಂಟಿಮೀಟರು. ಗಂಟೆಗೆ ಮಾತ್ರ ಅರವತ್ತೇ ನಿಮಿಷ ಏಕೆ? ಇದು ಸುಮಾರು 4,000 ವರ್ಷಗಳ ಹಿಂದೆ ಇಂದಿನ ಇರಾಕಿನಲ್ಲಿ ಬಾಳಿದ ಬ್ಯಾಬಿಲೋನಿಯನ್ನರ ಬಳುವಳಿ. ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಒಂದಕ್ಕೊಂದು, ಹತ್ತಕ್ಕೊಂದು ಗುರುತು ಒತ್ತಿ ಅವರು ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು. 60ನ್ನು 2, 3, 4, 5, 6 ಇವೆಲ್ಲವೂ ಶೇಷವಿಲ್ಲದೆ ಭಾಗಿಸುತ್ತವೆ. 100ನ್ನು ಮೂರು ಸಮಪಾಲು ಮಾಡಿ ನೋಡಿ, ಕಷ್ಟ ತಿಳಿಯುತ್ತದೆ! ಗ್ರೀಕ್ ಖಗೋಳಜ್ಞರು ಇದೇ ಲೆಕ್ಕವನ್ನು ಕೋನಗಳಿಗೆ ಬಳಸಿದರು. ಕೊನೆಗೆ ಅದು ಗಡಿಯಾರಕ್ಕೂ ಬಂತು. ನಮ್ಮ ಪಂಚಾಂಗದ ದಿನಕ್ಕೂ 60 ಗಳಿಗೆ.

1793ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರ ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ ಎಂದು ಕಾನೂನು ಮಾಡಿತು. ಜನ ಹಳೆಯ ಗಡಿಯಾರ ಬಿಡಲಿಲ್ಲ. 1795ರ ಏಪ್ರಿಲಿನಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದ ಕಾನೂನೇ ಮೀಟರನ್ನು ಜಾರಿಗೆ ತಂದಿತು.